‘ಯಮ್ಮನೆ ಬೆಟ್ಟ’ ಮತ್ತು ಎರಡು ಇಂಗ್ಲಿಷ್ ಪದಗಳು

ಯಲ್ಲಾಪುರ ಮತ್ತು ಶಿರಸಿಯ ನಡುವಿನ ದಾರಿಯಲ್ಲಿ ಮಂಚಿಕೇರಿ ಸಿಗುತ್ತದೆ. ಅಲ್ಲಿ ರಸ್ತೆ ಬಿಟ್ಟು ಕಣಿವೆಗೆ ಇಳಿದರೆ ಅಡಿಕೆ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಪಕ್ಕ ಕೊಟ್ಟಿಗೆ, ಕೊಟ್ಟಿಗೆಯ ಆಚೆ ಏರುತ್ತ ಹೋಗುವ ಬೆಟ್ಟ. ಈ ಬೆಟ್ಟ ಯಾರದು ಎಂದು ಕೇಳಿದರೆ ಹವ್ಯಕರ ಮನೆಯ ಯಜಮಾನರು ತಡವರಿಸದೆ ‘ಯಮ್ಮನೆ ಬೆಟ್ಟ’ ಎನ್ನುತ್ತಾರೆ. ಅಜ್ಜನ ಕಾಲದಿಂದ ಅಲ್ಲಿಂದಲೇ ಸೊಪ್ಪು ಬಂದಿದೆ, ದರಕು (ಒಣಗಿದ ಎಲೆ) ಬಂದಿದೆ, ಒಲೆಗೆ ಕಟ್ಟಿಗೆ ಬಂದಿದೆ. ದನ ಮೇದದ್ದೂ ಅಲ್ಲೇ.

ಕಾನೂನಿನ ಪುಸ್ತಕದ ಉತ್ತರ ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನ ಎರಡನೇ ಭಾಗದಲ್ಲಿ ನಾಡಿನ ಹಳೆಯ ಭೂಮಿಗಳ ಸಾಲೇ ಇದೆ: ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೆಯ ಮೈಸೂರು ಸೀಮೆಯ ಕಾನು, ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ, ಬಾಣೆ. ಇವುಗಳ ಮೇಲೆ ರೂಢಿಯಿಂದಲೋ ಸರ್ಕಾರದ ಆದೇಶದಿಂದಲೋ ಜನ ಅನುಭವಿಸುತ್ತ ಬಂದದ್ದು ಮುಂದುವರಿಯುತ್ತದೆ ಎಂದು ಕಲಮು ಭರವಸೆ ಕೊಡುತ್ತದೆ. ಆದರೆ ಅನುಭವಿಸುತ್ತ ಬಂದ ಆ ಸಂಗತಿಗೆ ಇಂಗ್ಲಿಷ್ ಪಠ್ಯ ಇಟ್ಟಿರುವ ಹೆಸರು ‘ರೈಟ್ಸ್’ ಅಲ್ಲ, ‘ಪ್ರಿವಿಲೇಜಸ್’.

ಶಾಲೆಯ ನಿಘಂಟಿನಲ್ಲಿ ಇವೆರಡೂ ಹತ್ತಿರದ ಮಾತುಗಳು. ಮಾತಿನ ಭರದಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಿದರೆ ಯಾರೂ ತಡೆಯುವುದಿಲ್ಲ. ಯಲ್ಲಾಪುರ, ಶಿರಸಿ, ಸಿದ್ದಾಪುರ ಎಂಬ ಘಟ್ಟದ ಮೇಲಿನ ಮೂರು ತಾಲ್ಲೂಕುಗಳಲ್ಲಿ ಮಾತ್ರ ಈ ಎರಡು ಪದಗಳ ನಡುವಿನ ಸಂದಿನಲ್ಲಿ ಒಂದೂವರೆ ಶತಮಾನದ ಬದುಕು ಸಿಕ್ಕಿಕೊಂಡಿದೆ.

‘ರೈಟ್’ ಎಂಬುದರ ಮೂಲದಲ್ಲಿ ನೇರ, ಸರಿ ಎಂಬ ಅರ್ಥವಿದೆ. ‘ಪ್ರಿವಿಲೇಜ್’ ಲ್ಯಾಟಿನ್‌ನಿಂದ ಬಂದದ್ದು. ಒಬ್ಬ ವ್ಯಕ್ತಿಗೆಂದೇ ಮಾಡಿದ ಕಾನೂನು ಎಂಬುದು ಅದರ ಬೇರು. ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಬದಿಗಿಟ್ಟು ಇವರಿಗೆ ಇಷ್ಟು ಎಂದು ಬಿಟ್ಟುಕೊಟ್ಟದ್ದು. 1913ರಲ್ಲಿ ವೆಸ್ಲಿ ಹೋಫೆಲ್ಡ್ ಎಂಬ ಅಮೆರಿಕದ ಕಾನೂನು ಪಂಡಿತ ಈ ಎರಡನ್ನೂ ಬಿಡಿಸಿಟ್ಟ ಬಗೆಯನ್ನು ಕಾನೂನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಒಬ್ಬರಿಗೆ ಹಕ್ಕಿದೆ ಎಂದರೆ ಎದುರಿಗೆ ಇನ್ನೊಬ್ಬರಿಗೆ ಕರ್ತವ್ಯವಿದೆ ಎಂದರ್ಥ. ಪ್ರಿವಿಲೇಜ್ ಇದ್ದರೆ ಎದುರಿನವರಿಗೆ ಕರ್ತವ್ಯ ಹುಟ್ಟುವುದಿಲ್ಲ. ಮಾಡಿದವರು ತಪ್ಪಿತಸ್ಥರಾಗುವುದಿಲ್ಲ ಎನ್ನುವಲ್ಲಿಗೆ ಅದು ಮುಗಿಯುತ್ತದೆ. ಬೆಟ್ಟಕ್ಕೆ ಹೊಂದಿಸಿ ಹೇಳುವುದಾದರೆ, ಪ್ರಿವಿಲೇಜ್ ಇದ್ದವರು ಸೊಪ್ಪು ಕಡಿದರೆ ಅದು ಕಳವಲ್ಲ. ಆದರೆ ನಾಳೆ ಬೆಟ್ಟದಲ್ಲಿ ಸೊಪ್ಪಿನ ಮರವೇ ಇಲ್ಲದಂತಾದರೆ, ಮರ ಉಳಿಸಿಕೊಡಬೇಕಿತ್ತು ಎಂದು ಯಾರನ್ನೂ ಹಿಡಿದು ಕೇಳಲಾಗುವುದಿಲ್ಲ.

ಇದಕ್ಕಿಂತ ಹತ್ತಿರದ ಉದಾಹರಣೆ ಪ್ರತಿ ಊರಿನಲ್ಲೂ ಸಿಗುತ್ತದೆ, ಪಕ್ಕದವರ ತೋಟದ ಅಂಚಿನಲ್ಲಿ ಹಾದುಹೋಗುವ ಕಾಲುದಾರಿ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಒಬ್ಬರು 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ತಮ್ಮದೇ ಹಕ್ಕೆಂಬಂತೆ ಅಲ್ಲಿ ನಡೆದರೆ ಅದು ನಿಜಕ್ಕೂ ಹಕ್ಕಾಗುತ್ತದೆ. ಜಾಗ ಸರ್ಕಾರದ್ದಾದರೆ 30 ವರ್ಷ ಬೇಕು. ‘ಭಟ್ರೇ, ಈ ದಾರೀಲಿ ಹೋಗ್ಲಾ?’ ಎಂದು ಕೇಳಿ ನಡೆದವರದು ಬೇರೆ ಕತೆ. ಐವತ್ತು ವರ್ಷ ನಡೆದರೂ ಅದು ಬರಿಯ ಅನುಮತಿ, ಕೊಟ್ಟವರು ಹಿಂತೆಗೆದುಕೊಳ್ಳಬಹುದಾದದ್ದು. ಕೇಳಿ ನಡೆಯುವುದು ಮಲೆನಾಡಿನ ಮನೆಗಳ ಮರ್ಯಾದೆ. ಕಾನೂನಿನ ಕಣ್ಣಿಗೆ ಆ ಮರ್ಯಾದೆಯೇ ಹಕ್ಕು ಹುಟ್ಟದಂತೆ ತಡೆಯುತ್ತದೆ. ಕಾಡಿನ ವಿಷಯದಲ್ಲಿ ಆದದ್ದೂ ಬಹುಪಾಲು ಇದೇ.

ಸೊಪ್ಪಿಗಾಗಿ ಇಷ್ಟೆಲ್ಲ ಏಕೆ ಎಂದು ಬಯಲುಸೀಮೆಯವರಿಗೆ ಅನ್ನಿಸಬಹುದು. ಘಟ್ಟದ ಮಳೆ ತೋಟದ ಮಣ್ಣಿನ ಸತ್ವವನ್ನು ವರ್ಷವರ್ಷವೂ ತೊಳೆದುಕೊಂಡು ಹೋಗುತ್ತದೆ. ಅದನ್ನು ತುಂಬಿಕೊಡಲು ಹಿಂದಿನವರು ಕಂಡುಕೊಂಡದ್ದು ಬೆಟ್ಟ, ಕೊಟ್ಟಿಗೆ, ತೋಟಗಳ ಸರಪಳಿ. ಬೇಸಗೆಯಲ್ಲಿ ಗುಡಿಸಿ ತಂದ ದರಕು, ಮಳೆಗಾಲದಲ್ಲಿ ಕಡಿದು ತಂದ ಹಸಿ ಸೊಪ್ಪು ದನಗಳ ಕಾಲಡಿ ಹಾಸಾಗಿ, ಸಗಣಿ ಗಂಜಲ ಕುಡಿದು, ಗೊಬ್ಬರದ ಗುಂಡಿಗೆ ಹೋಗಿ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ಅದೇ ಗೊಬ್ಬರದಲ್ಲಿ ಕಾಳುಮೆಣಸು, ಏಲಕ್ಕಿ, ಬಾಳೆ ಎಲ್ಲವೂ ಬದುಕುತ್ತವೆ. 1801ರಲ್ಲಿ ಸೋಂದಾ, ಶಿರಸಿ, ಯಲ್ಲಾಪುರಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕನನ್ ಇಲ್ಲಿನ ತೋಟಗಳನ್ನೂ ಅವಕ್ಕೆ ಹಾಕುವ ಸೊಪ್ಪಿನ ಗೊಬ್ಬರವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಟಿಪ್ಪು ಬಿದ್ದು, ಕೆನರಾ ಜಿಲ್ಲೆ ಕಂಪನಿ ಸರ್ಕಾರದ ಕೈಸೇರಿ ಆಗ ಎರಡೇ ವರ್ಷವಾಗಿತ್ತು. ಬೆಟ್ಟದ ಬಳಕೆ ಬ್ರಿಟಿಷರು ಕೊಟ್ಟದ್ದಲ್ಲ, ಅವರು ಬಂದಾಗ ಕಣ್ಣಾರೆ ಕಂಡದ್ದು ಎನ್ನುವುದಕ್ಕೆ ಅವರದೇ ಅಧಿಕಾರಿಯ ಬರಹ ಸಾಕ್ಷಿ.

ಮುಂದೆ ಕಾಡಿನ ಮರಕ್ಕೆ ಬೆಲೆ ಬಂತು. ಹಡಗಿಗೆ ಸಾಗವಾನಿ ಬೇಕು, ರೈಲುಹಳಿಯ ಅಡಿಗೆ ದಿಮ್ಮಿ ಬೇಕು. ಮೊದಲು ಪೆಟ್ಟು ಬಿದ್ದದ್ದು ಕುಮರಿ ಬೇಸಾಯಕ್ಕೆ. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮತ್ತೆ ಕಾಡು ಬೆಳೆಯಲು ಬಿಟ್ಟು ಮುಂದೆ ಸಾಗುವ ಪದ್ಧತಿ ಅದು. ಮದರಾಸು ಸರ್ಕಾರ 1860ರಲ್ಲಿ ಸರ್ಕಾರಿ ಕಾಡಿನಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. 1862ರಲ್ಲಿ, ಹೋಳಾದ ಜಿಲ್ಲೆಯ ಉತ್ತರದ ಭಾಗ ಮುಂಬೈ ಆಡಳಿತಕ್ಕೆ ಹೋಯಿತು. ಈ ವಿಭಜನೆಯ ಪರಿಣಾಮ ಬೆಟ್ಟದವರೆಗೂ ಮುಟ್ಟಿತು.

1870ರ ದಶಕದಲ್ಲಿ ದೇಶಕ್ಕೆಲ್ಲ ಒಂದು ಅರಣ್ಯ ಕಾಯ್ದೆ ಮಾಡುವ ಮಾತು ಬಂದಾಗ ಅಧಿಕಾರಿಗಳಲ್ಲೇ ದೊಡ್ಡ ಜಗಳವಾಯಿತು. ಜಗಳದ ನಡುಮಧ್ಯೆ ಇದ್ದದ್ದು ಈ ಎರಡು ಪದಗಳೇ. ಬೇಡನ್-ಪೊವೆಲ್ ಎಂಬ ಅಧಿಕಾರಿಯ ವಾದ ಸರಳವಾಗಿತ್ತು: ಬರಹದಲ್ಲಿ ಸರ್ಕಾರ ಕೊಟ್ಟದ್ದು, ಕಾನೂನಿನಲ್ಲಿ ಗಟ್ಟಿಯಾದದ್ದು ಮಾತ್ರ ‘ರೈಟ್’, ಹಳ್ಳಿಯವರು ಕಾಡಿನಿಂದ ತರುತ್ತ ಬಂದ ಉಳಿದದ್ದೆಲ್ಲ ‘ಪ್ರಿವಿಲೇಜ್’, ದೊರೆಗಳು ಸುಮ್ಮನಿದ್ದುದರಿಂದ ನಡೆದುಬಂದದ್ದು. ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಡೀಟ್ರಿಕ್ ಬ್ರಾಂಡಿಸ್ ಇಷ್ಟು ದೂರ ಹೋಗಲು ಒಪ್ಪಲಿಲ್ಲ. ರೂಢಿಗೂ ಬೆಲೆಯಿದೆ, ಊರಿಗೆಂದು ಕಾಡು ಉಳಿಯಬೇಕು ಎಂಬುದು ಅವನ ನಿಲುವು. ಮದರಾಸಿನ ಅಧಿಕಾರಿಗಳಂತೂ ಕಾಡಿನ ಮೇಲೆ ಊರಿನವರಿಗೆ ಇರುವುದು ಹಕ್ಕೇ ಎಂದು ಪಟ್ಟು ಹಿಡಿದರು. ಕೊನೆಗೆ 1878ರ ಕಾಯ್ದೆಯಲ್ಲಿ ಗೆದ್ದದ್ದು ಬಹುಮಟ್ಟಿಗೆ ಬೇಡನ್-ಪೊವೆಲ್‌ನ ವಾದ. ಮದರಾಸು ಆ ಕಾಯ್ದೆಯಿಂದ ಹೊರಗುಳಿದು 1882ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಮುಂಬೈಗೆ ಸೇರಿಹೋಗಿದ್ದ ಯಲ್ಲಾಪುರ, ಶಿರಸಿ, ಸಿದ್ದಾಪುರಗಳಿಗೆ ಆ ಆಸರೆಯೂ ಸಿಗಲಿಲ್ಲ.

1878ರ ಕಾಯ್ದೆ ಕೆಲಸ ಮಾಡಿದ ರೀತಿ ಹೀಗೆ. ಇಂಥ ಕಾಡನ್ನು ಮೀಸಲು ಮಾಡುತ್ತೇವೆ ಎಂದು ಸರ್ಕಾರ ಸಾರುತ್ತದೆ. ಅದರಲ್ಲಿ ಹಕ್ಕಿದೆ ಎನ್ನುವವರು ಕನಿಷ್ಠ ಮೂರು ತಿಂಗಳ ಗಡುವಿನೊಳಗೆ ಅಧಿಕಾರಿಯ ಮುಂದೆ ಬಂದು ಹೇಳಬೇಕು. ಹೇಳದಿದ್ದರೆ ಹಕ್ಕು ಅಳಿಯಿತು. ಓದು ಬರಹವಿದ್ದವರು, ಕಚೇರಿಯ ಮೆಟ್ಟಿಲು ಹತ್ತಿ ಗೊತ್ತಿದ್ದವರು ಹೋದರು. ಕಾಡಿನೊಳಗೆ ಇದ್ದವರಿಗೆ ಸುದ್ದಿ ತಲುಪುವ ದಾರಿಯೇ ಇರಲಿಲ್ಲ. ಕುಮರಿಯನ್ನಂತೂ ಹಕ್ಕೆಂದು ಎಣಿಸುವ ಅವಕಾಶವನ್ನೇ ಕಾಯ್ದೆ ಕಿತ್ತುಕೊಂಡಿತು. ಸ್ಥಳ ಬದಲಿಸುತ್ತ ಮಾಡುವ ಬೇಸಾಯವನ್ನು ಯಾವ ಸಂದರ್ಭದಲ್ಲೂ ಪ್ರಿವಿಲೇಜ್ ಎಂದೇ ಎಣಿಸತಕ್ಕದ್ದು, ಅದನ್ನು ನಿಯಂತ್ರಿಸಲು, ನಿರ್ಬಂಧಿಸಲು, ರದ್ದು ಮಾಡಲು ಸರ್ಕಾರಕ್ಕೆ ಅಧಿಕಾರವಿದೆ ಎಂದು ಅದರ ಜಾಗಕ್ಕೆ ಬಂದ 1927ರ ಭಾರತೀಯ ಅರಣ್ಯ ಕಾಯ್ದೆಯ 10ನೇ ಕಲಮು ಹೇಳುತ್ತದೆ. ಪ್ರಿವಿಲೇಜ್ ಎಂದರೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ನಿಘಂಟೂ ಹೇಳಲಾರದು.

ಅಡಿಕೆ ತೋಟದವರ ಪಾಲಿಗೆ ಸರ್ಕಾರ ಇಷ್ಟು ಕಠಿಣವಾಗಲಿಲ್ಲ. ತೋಟ ಕಂದಾಯ ತರುತ್ತಿತ್ತು, ಸೊಪ್ಪಿಲ್ಲದೆ ತೋಟ ಉಳಿಯುತ್ತಿರಲಿಲ್ಲ. ಹಾಗಾಗಿ ಘಟ್ಟದ ಮೇಲಿನ ತೋಟಗಳಿಗೆ, ಎಕರೆಗೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಹಚ್ಚಿಕೊಡುವ ಏರ್ಪಾಡಾಯಿತು. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಕರಡ ಹುಲ್ಲು ಕೊಯ್ಯಬಹುದು, ದನ ಮೇಯಿಸಬಹುದು, ಮನೆಬಳಕೆಗೆ ಕಟ್ಟಿಗೆ ತರಬಹುದು. ಸಾಗವಾನಿ, ಬೀಟೆ, ಶ್ರೀಗಂಧ ಸರ್ಕಾರದ್ದು. ನೆಲವೂ ಸರ್ಕಾರದ್ದೇ. ಈ ಎಲ್ಲ ‘ಬಹುದು’ಗಳಿಗೆ ಒಟ್ಟಾಗಿ ಇಟ್ಟ ಹೆಸರು ಮತ್ತೆ ಅದೇ, ಬೆಟ್ಟದ ಪ್ರಿವಿಲೇಜ್. ಕಾಡಿನ ಕಾನೂನುಗಳ ವಿರುದ್ಧ ಒಳಗೇ ಕುದಿಯುತ್ತಿದ್ದ ಅಸಮಾಧಾನ 1930ರ ಕಾನೂನುಭಂಗ ಚಳವಳಿಯಲ್ಲಿ ಹೊರಬಂತು. ಶಿರಸಿ, ಸಿದ್ದಾಪುರದ ಸೀಮೆಯಲ್ಲಿ ಅರಣ್ಯ ಸತ್ಯಾಗ್ರಹವೂ ಕರನಿರಾಕರಣೆಯೂ ನಡೆದವು. ಬ್ರಿಟಿಷರು ಹೋದರು, ಪದ ಉಳಿಯಿತು. 1964ರಲ್ಲಿ ನಮ್ಮದೇ ಶಾಸನಸಭೆ ಮಾಡಿದ ಕಾಯ್ದೆಯೂ ಅದನ್ನೇ ಎತ್ತಿಕೊಂಡಿತು.

ಇನ್ನು ಕನ್ನಡದ ಮಾತು. ‘ಹಕ್ಕು’ ಅರಬ್ಬಿಯಿಂದ ಬಂದು ಎಷ್ಟೋ ತಲೆಮಾರುಗಳಾದವು. ಸತ್ಯ, ನ್ಯಾಯವಾಗಿ ಸಲ್ಲಬೇಕಾದದ್ದು ಎಂಬ ಅರ್ಥ ಮೂಲದಲ್ಲೇ ಇದೆ. ಪ್ರಿವಿಲೇಜಿಗೆ ಹತ್ತಿರ ನಿಲ್ಲುವ ‘ಸವಲತ್ತು’, ‘ರಿಯಾಯಿತಿ’ ಎರಡೂ ಅದೇ ಕಡೆಯವು. ಮೊದಲನೆಯದರ ಬೇರು ಸಲೀಸು, ಎರಡನೆಯದರ ಬೇರು ದಾಕ್ಷಿಣ್ಯ. ಹಕ್ಕಿಗಾಗಿ ನಡೆಸುವುದು ಹಕ್ಕೊತ್ತಾಯ, ಸವಲತ್ತಿಗಾಗಿ ಕೊಡುವುದು ಮನವಿ. ಒಂದಕ್ಕೆ ಧ್ವನಿಯಿದೆ, ಇನ್ನೊಂದಕ್ಕೆ ಕೈಮುಗಿತವಿದೆ. ಹೀಗೆ ಕನ್ನಡದ ಕಿವಿಗೆ ವ್ಯತ್ಯಾಸ ಗೊತ್ತಿಲ್ಲ ಎನ್ನುವ ಹಾಗಿಲ್ಲ.

ತೊಡಕು ಅನುವಾದದಲ್ಲಿದೆ. ಶಾಸಕರಿಗೆ ಸಂವಿಧಾನದ 194ನೇ ವಿಧಿ ಕೊಡುವುದೂ ಪ್ರಿವಿಲೇಜೇ. ಅದಕ್ಕೆ ಧಕ್ಕೆ ಬಂದರೆ ಕನ್ನಡ ಪತ್ರಿಕೆಗಳು ‘ಹಕ್ಕುಚ್ಯುತಿ’ ಎಂದು ಬರೆಯುತ್ತವೆ. ವಿಧಾನಸೌಧದ ಪ್ರಿವಿಲೇಜ್ ಕನ್ನಡಕ್ಕೆ ಬರುವಾಗ ಹಕ್ಕಾಗಿದೆ. ಬೆಟ್ಟದ ಪ್ರಿವಿಲೇಜನ್ನೂ ಊರ ಮಾತಿನಲ್ಲಿ, ಸಂಘಗಳ ಠರಾವಿನಲ್ಲಿ, ಭಾಷಣದಲ್ಲಿ ‘ಬೆಟ್ಟದ ಹಕ್ಕು’ ಎಂದೇ ಕರೆಯಲಾಗುತ್ತದೆ. ಶಾಸಕರಿಗೆ ಇದರಿಂದ ನಷ್ಟವಿಲ್ಲ, ಅವರ ಪ್ರಿವಿಲೇಜಿನ ಹಿಂದೆ ದಂಡಿಸುವ ಅಧಿಕಾರವೇ ನಿಂತಿದೆ. ತೋಟದವರಿಗೆ ನಷ್ಟವಿದೆ. ‘ಹಕ್ಕು’ ಎಂಬ ಪದ ಕೊಡುವ ಧೈರ್ಯದಲ್ಲಿ ಅವರು ಎರಡು ಮೂರು ತಲೆಮಾರು ನಿಶ್ಚಿಂತರಾಗಿ ಇದ್ದುಬಿಡುತ್ತಾರೆ. ಆಸ್ತಿ ಪಾಲಾಗುವಾಗ, ಅಡಮಾನವಿಡುವಾಗ, ಬೆಟ್ಟದ ಅಂಚಿನಲ್ಲಿ ಮಗನಿಗೊಂದು ಮನೆ ಕಟ್ಟಲು ಹೊರಟಾಗ ನಿಜ ಎದುರಾಗುತ್ತದೆ. ಬೆಟ್ಟ ತೋಟದ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ, ಆದರೆ ತೋಟದ ಹಾಗೆ ಮಾಲ್ಕಿಯಲ್ಲ.

ದಕ್ಷಿಣ ಕನ್ನಡದ ಕುಮ್ಕಿಯದೂ ಇದೇ ಪಾಡು. ಹಳೆಯ ವರ್ಗದ ಜಮೀನಿನ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆದುಕೊಳ್ಳುವ ಪ್ರಿವಿಲೇಜ್ ಅದು. 1956ರ ನವೆಂಬರ್ 1ರವರೆಗೆ ಅದೇ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡಿನ ಕೃಷಿಕರಿಗೂ ಕುಮ್ಕಿ ಎಂಬ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಿವಿಲೇಜ್ ಎಂದ ಮಾತ್ರಕ್ಕೆ ಬೆಲೆಯಿಲ್ಲದ್ದು ಎಂದು ತಿಳಿಯಬೇಕಾಗಿಲ್ಲ. ಬೆಟ್ಟ ಮಾಲ್ಕಿ ಆಗಿದ್ದರೆ ತುಂಡುತುಂಡಾಗಿ ಮಾರಾಟವಾಗುತ್ತಿತ್ತು, ಕಾಡು ಈಗಿರುವಷ್ಟೂ ಉಳಿಯುತ್ತಿರಲಿಲ್ಲ ಎನ್ನುವವರ ಮಾತಿನಲ್ಲಿ ತಿರುಳಿದೆ. ಆದರೆ ಇನ್ನೊಂದು ಬದಿಯನ್ನೂ ನೋಡಬೇಕು. ಗಿಡ ನೆಟ್ಟರೆ ಮರ ತನ್ನದಾಗುತ್ತದೆಯೋ ಇಲ್ಲವೋ ಎಂಬ ಅನುಮಾನ ಇರುವ ಕಡೆ ನೆಡುವ ಕೈ ಹಿಂದೆ ಸರಿಯುತ್ತದೆ. ಒಂದು ಮನೆಯ ಬೆಟ್ಟ ದಟ್ಟವಾಗಿದ್ದು ಅದಕ್ಕೆ ತಾಗಿದ ಬೆಟ್ಟ ಬೋಳಾಗಿರುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಕಾದು ಬೆಳೆಸಿದವರ ಶ್ರಮಕ್ಕೂ ಕಡಿದು ಮುಗಿಸಿದವರ ಅಸಡ್ಡೆಗೂ ಕಾನೂನಿನಲ್ಲಿ ಒಂದೇ ಹೆಸರಿರುವುದು ಸರಿಯಲ್ಲ. ಪಕ್ಕದ ಕುಮಟಾ ತಾಲ್ಲೂಕಿನ ಹಳಕಾರದಲ್ಲಿ ಬ್ರಿಟಿಷರ ಕಾಲದಿಂದ ಗ್ರಾಮ ಅರಣ್ಯ ಪಂಚಾಯಿತಿಯೊಂದು ಊರಿನ ಕಾಡನ್ನು ಕಾಯುತ್ತ ಬಂದದ್ದು, ಜವಾಬ್ದಾರಿಯನ್ನು ನಂಬಿ ಕೊಟ್ಟರೆ ಊರು ಏನು ಮಾಡಬಲ್ಲದು ಎಂಬುದನ್ನು ತೋರಿಸಿದೆ.

ಮಂಚಿಕೇರಿಯ ಸುತ್ತಲಿನ ಕಾಡಿನಲ್ಲಿ ಇನ್ನೊಂದು ಸಮುದಾಯವೂ ಇದೆ. ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಬಂದು ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡುಗಳಲ್ಲಿ ನೆಲೆಯಾದರು. ತೋಟವಿದ್ದವರಿಗೆ ಬೆಟ್ಟ ಸಿಕ್ಕಿತು. ತೋಟವೇ ಇಲ್ಲದ ಸಿದ್ದಿಗಳಿಗೆ ಎಕರೆಗೆ ಒಂಬತ್ತು ಎಕರೆಯ ಲೆಕ್ಕದಲ್ಲಿ ಸಿಗುವುದು ಏನೂ ಇರಲಿಲ್ಲ. ಅವರು ಗುಡಿಸಲು ಕಟ್ಟಿ ಗದ್ದೆ ಮಾಡಿಕೊಂಡ ಜಾಗ ದಾಖಲೆಯಲ್ಲಿ ‘ಅತಿಕ್ರಮಣ’ವಾಯಿತು. ಒಂದೇ ಕಾಡಿನ ಅಂಚಿನಲ್ಲಿ ಒಬ್ಬರದು ಪ್ರಿವಿಲೇಜ್, ಇನ್ನೊಬ್ಬರದು ಅಪರಾಧ. ಹಕ್ಕು ಎಂಬುದು ಇಬ್ಬರ ಬಳಿಯೂ ಇರಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

2006ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಅರಣ್ಯ ಹಕ್ಕು ಕಾಯ್ದೆಯ ತೂಕ ತಿಳಿಯಬೇಕಾದರೆ ಈ ಹಿನ್ನೆಲೆ ಬೇಕು. ಅದರ ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ಪ್ರಿವಿಲೇಜ್’ ಇಲ್ಲ, ‘ರೈಟ್ಸ್’ ಇದೆ. ಇನ್ನೂ ಮುಖ್ಯವಾಗಿ, ಆ ಪದದ ಹಿಂದೆ ‘ರೆಕಗ್ನಿಷನ್’ ಇದೆ, ಅಂದರೆ ಮಾನ್ಯತೆ. ಮಂಜೂರು ಮಾಡುವುದು ಬೇರೆ, ಮಾನ್ಯ ಮಾಡುವುದು ಬೇರೆ. ಮಂಜೂರಾತಿಯಲ್ಲಿ ಇಲ್ಲದ್ದನ್ನು ಸರ್ಕಾರ ಕೊಡುತ್ತದೆ. ಮಾನ್ಯತೆಯಲ್ಲಿ ಇದ್ದದ್ದನ್ನು ಇದೆ ಎಂದು ಒಪ್ಪಿಕೊಳ್ಳುತ್ತದೆ. ಹಳೆಯ ‘ಅತಿಕ್ರಮಣ ಸಕ್ರಮ’ ಎಂಬ ಮಾತಿನಲ್ಲಿ ಮೊದಲು ತಪ್ಪಾಗಿದೆ ಎಂಬ ಒಪ್ಪಿಗೆ ಅಡಗಿದೆ. ತಪ್ಪಿಗೆ ಕ್ಷಮೆ ಸಿಕ್ಕಿದೆ, ಅಷ್ಟೇ. ಈ ಕಾಯ್ದೆ ತನ್ನ ಪೀಠಿಕೆಯಲ್ಲೇ ಅನ್ಯಾಯವಾದದ್ದು ಕಾಡಿನ ಜನರಿಗೆ ಎಂದು ಒಪ್ಪಿಕೊಂಡು ಮಾತನ್ನು ತಿರುಗಿಸಿತು. ಆದರೂ ಕಚೇರಿಯ ಎದುರು ನಿಂತವರ ಬಾಯಲ್ಲಿ ಈಗಲೂ ‘ಜಾಗ ಮಂಜೂರಾಯ್ತಾ?’ ಎಂಬ ಪ್ರಶ್ನೆಯೇ ಬರುತ್ತದೆ. ಕಾನೂನಿನ ಪದ ಬದಲಾದರೂ ಮನಸ್ಸಿನ ಪದ ಬದಲಾಗಿಲ್ಲ.

ಈ ಹಕ್ಕಿಗೂ ಎಲ್ಲೆಗಳಿವೆ. 2005ರ ಡಿಸೆಂಬರ್ 13ಕ್ಕೆ ಮುಂಚೆ ಜಾಗ ಕೈಯಲ್ಲಿರಬೇಕು. ಒಂದು ಕುಟುಂಬಕ್ಕೆ ನಾಲ್ಕು ಹೆಕ್ಟೇರಿನ ಮಿತಿಯಿದೆ. ಮಕ್ಕಳಿಗೆ ಬರುತ್ತದೆ, ಮಾರುವ ಹಾಗಿಲ್ಲ. ದಂಪತಿಗಳಾಗಿದ್ದರೆ ಇಬ್ಬರ ಹೆಸರಿನಲ್ಲೂ ದಾಖಲಾಗುತ್ತದೆ. ಹಕ್ಕು ಎಂದರೆ ಒಡೆತನವೇ ಎಂದು ತಿಳಿದವರಿಗೆ ಇದು ಇನ್ನೊಂದು ಪಾಠ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಈ ಜಿಲ್ಲೆಯ ಸಾವಿರಾರು ಅರ್ಜಿಗಳು ಎಡವಿದ್ದು ಇಲ್ಲಿಯೇ. ಮಳೆಗೆ ಸೋರುವ ಮನೆಯಲ್ಲಿ, ಗೆದ್ದಲು ತಿನ್ನುವ ಊರಿನಲ್ಲಿ 1930ರ ಕಾಗದವನ್ನು ಯಾರು ಕಾಪಾಡಿ ಇಟ್ಟಿರುತ್ತಾರೆ? ಕಾಗದವೇ ಬೇಕೆಂದು ಹಟ ಹಿಡಿಯುವುದು ಕಾಯ್ದೆಯ ಮಾತಿಗೂ ಒಪ್ಪುವುದಿಲ್ಲ. ಹಳೆಯ ಗೆಜೆಟಿಯರು, ಸರ್ವೇ ದಾಖಲೆಗಳ ಜೊತೆಗೆ ಬಾವಿ, ದೇವರ ಬನ, ಹೂಳುವ ಜಾಗಗಳನ್ನೂ ಅರ್ಜಿದಾರರಲ್ಲದ ಹಿರಿಯರ ಬರಹದ ಹೇಳಿಕೆಯನ್ನೂ ಸಾಕ್ಷಿಯೆಂದು ಪರಿಗಣಿಸಲು ಕಾಯ್ದೆಯಡಿಯ ನಿಯಮಗಳು ಅವಕಾಶ ಕೊಟ್ಟಿವೆ.

1878ರ ಕಾಯ್ದೆಯಲ್ಲಿ ಹಕ್ಕು ಹೇಳಿಕೊಳ್ಳಲು ಮೂರು ತಿಂಗಳ ಗಡುವಿತ್ತು. ಈ ನಿಯಮಗಳಲ್ಲೂ ಮೂರು ತಿಂಗಳ ಮಾತಿದೆ, ಆದರೆ ಕರೆ ಕೊಡುವುದು ಗ್ರಾಮಸಭೆ, ಅಗತ್ಯವೆನಿಸಿದರೆ ಗಡುವನ್ನು ಮುಂದೂಡಬಹುದಾದದ್ದೂ ಗ್ರಾಮಸಭೆ. ಅರ್ಜಿಯ ನಮೂನೆಗಳಲ್ಲಿ ಒಂದು ಕುಟುಂಬದ ಭೂಮಿಗೆ, ಇನ್ನೊಂದು ಇಡೀ ಊರಿಗೆ. ಊರಿನ ನಮೂನೆ ಕೇಳುವ ಮೊದಲ ಸಂಗತಿ ‘ನಿಸ್ತಾರ್’, ಎಂದರೆ ಊರಿನವರು ತಮ್ಮ ಬಳಕೆಗೆ ಕಾಡಿನಿಂದ ತರುತ್ತ ಬಂದದ್ದು. ಅದನ್ನು ಯಾವ ಹೆಸರಿನಿಂದ ಕರೆದರೂ ಸರಿ ಎಂದು ಕಾಯ್ದೆಯೇ ಹೇಳಿದೆ. ಅದರ ಕೆಳಗೆ ಕಿರು ಅರಣ್ಯ ಉತ್ಪನ್ನ, ಮೇವು, ನೀರು, ಮೀನು. ವೈಯಕ್ತಿಕ ಭೂಮಿಯ ಅರ್ಜಿಗಳ ಗದ್ದಲದಲ್ಲಿ ಈ ಎರಡನೇ ನಮೂನೆ ಹಿಂದೆ ಬಿದ್ದಿದೆ. ಮಂಚಿಕೇರಿಯ ಸುತ್ತಲಿನ ಊರುಗಳು ಅದನ್ನು ತುಂಬಲು ಕುಳಿತರೆ ಮೊದಲ ಸಾಲಿನಲ್ಲಿ ಸೊಪ್ಪು, ದರಕು, ಕರಡ, ಕಟ್ಟಿಗೆ ಬರೆಯಬೇಕಾದೀತು. ಮುಂದಿನ ಸಾಲಿಗೆ ಜೇನು, ಉಪ್ಪಾಗೆ, ಮುರುಗಲು, ವಾಟೆ, ಸೀಗೆ, ಅಂಟುವಾಳ. ಜೇನು ಯಾವ ಮರಕ್ಕೆ ಕಟ್ಟುತ್ತದೆ ಎಂದು ಹೇಳಲು ಸಿದ್ದಿ ಕೇರಿಯ ಹಿರಿಯರನ್ನು ಕರೆಯಬೇಕು, ಸೊಪ್ಪಿನ ಲೆಕ್ಕ ಹೇಳಲು ತೋಟದ ಮನೆಯ ಅಜ್ಜಿಯನ್ನು.